ಓದುಗರ ಪ್ರಶ್ನೆ: ನಮ್ಮನ್ನು ಕೇಳದೆ ಕೆಲಸ ಮಾಡುವ ನರಗಳು

ಹೋದ ಸಂಚಿಕೆಯಲ್ಲಿ ದನದ ಹೊಟ್ಟೆಯುಬ್ಬರದ ಬಗ್ಗೆ ಬರೀತಾ ನಡುವಲ್ಲಿ ಒಂದು ಸಾಲು ಹಾಕಿದ್ದೆ, ಹೊಟ್ಟೆ ನಡೆಸುವ ನರವೇ ಹಾಳಾದ್ರೆ ಗ್ಯಾಸಿನ ಮದ್ದು ಎಷ್ಟು ಕುಡಿಸಿದ್ರೂ ಸುಖ ಇಲ್ಲ ಅಂತ. ಆ ಒಂದು ಸಾಲಿಗೆ ಬಂದ ಪತ್ರ, ವಾಟ್ಸಾಪು ನೋಡಿ ನನಗೇ ಆಶ್ಚರ್ಯ ಆಯ್ತು. ಮಜಾ ಎಂತ ಅಂದ್ರೆ ಬರೆದವರಲ್ಲಿ ಅರ್ಧಕ್ಕರ್ಧ ಜನ ದನದ ವಿಷಯ ಕೇಳಿದ್ದೇ ಅಲ್ಲ, ತಮ್ಮ ಮೈಯ ವಿಷಯ ಕೇಳಿದ್ದು. ನಾನು ಮೂವತ್ತು ವರ್ಷ ಹಟ್ಟಿ ಹಟ್ಟಿ ತಿರುಗಿದ ದನದ ಡಾಕ್ಟ್ರು, ಮನುಷ್ಯರಿಗೆ ಮದ್ದು ಹೇಳುವ ಅಧಿಕಾರ ನನಗಿಲ್ಲ, ಹಾಗಾಗಿ ಅಂಥ ಪ್ರಶ್ನೆ ಎಲ್ಲ ಮನೆಯಲ್ಲೇ ಇರುವ ಫಿಸಿಶಿಯನ್ನು, ಅಂದ್ರೆ ನನ್ನ ಸೊಸೆ, ಅವಳ ಎದುರು ಕೂತು ಕೇಳಿ ಬರೆದದ್ದು.

ಮೊದಲು ಎರಡು ಮಾತು. ಹೃದಯ ಬಡಿಯುದು, ಬಿಪಿ ಏರುದು ಇಳಿಯುದು, ಬೆವರು, ಜೊಲ್ಲು, ಕಣ್ಣಿನ ಪಾಪೆ, ಹೊಟ್ಟೆ ಕರುಳಿನ ಚಲನೆ, ಮೂತ್ರಚೀಲ, ಇದಕ್ಕೆಲ್ಲ ನಾವು ಆರ್ಡರ್ ಕೊಡುದಿಲ್ಲ, ಅದರಷ್ಟಕ್ಕೆ ನಡೀತದೆ. ನಡೆಸುವ ನರಗಳಿಗೆ ಇಂಗ್ಲೆಂಡಿನ ಲ್ಯಾಂಗ್ಲಿ ಅಂತ ವಿಜ್ಞಾನಿ 1898ರಲ್ಲಿ ಅಟಾನಮಿಕ್ ಅಂತ ಹೆಸರಿಟ್ಟ. ಇದರಲ್ಲಿ ಎರಡು ಪಾರ್ಟಿ. ಬೀದಿ ನಾಯಿ ಅಟ್ಟಿಸಿಕೊಂಡು ಬರುವಾಗ ಎದೆ ಡವಡವ, ಬಾಯಿ ಒಣ, ಕಣ್ಣು ಅಗಲ ಮಾಡುದು ಸಿಂಪಥೆಟಿಕ್. ಮಧ್ಯಾಹ್ನ ಉಂಡು ಜಗಲಿಯಲ್ಲಿ ಒರಗಿದ ಮೇಲೆ ಹೊಟ್ಟೆ ಕೆಲಸ ನೋಡಿಕೊಳ್ಳುದು ಪ್ಯಾರಾಸಿಂಪಥೆಟಿಕ್. ಇವೆರಡರಲ್ಲಿ ಒಂದು ಮಲಗಿದ್ರೂ, ಒಂದು ಹುಚ್ಚೆದ್ದು ಕುಣಿದ್ರೂ ರೋಗವೇ. ಮತ್ತೆ ಆ ರೋಗ ಒಂದು ಕಡೆ ತೋರುದಿಲ್ಲ, ತಲೆಯಲ್ಲೊಂದು ಹೊಟ್ಟೆಯಲ್ಲೊಂದು ಬೆವರಲ್ಲೊಂದು ಅಂತ ಚೂರು ಚೂರಾಗಿ ತೋರ್ತದೆ, ಅದಕ್ಕೇ ನಾವು ಒಂದಕ್ಕೆ ಗ್ಯಾಸ್ ಅಂತೇವೆ ಮತ್ತೊಂದಕ್ಕೆ ವೀಕ್ನೆಸ್ ಅಂತೇವೆ.

ಪ್ರಶ್ನೆ: ಡಾಕ್ಟ್ರೇ, ನನ್ನ ಅಪ್ಪನಿಗೆ 68. ಶುಗರ್ ಹದಿನೆಂಟು ವರ್ಷದಿಂದ ಉಂಟು, ಬಿಪಿ ಮಾತ್ರೆಯೂ ಉಂಟು. ಈಗ ಆರು ತಿಂಗಳಿಂದ ಬೆಳಿಗ್ಗೆ ಏಳುವಾಗ, ಊಟ ಮಾಡಿ ಕೈ ತೊಳೀಲಿಕ್ಕೆ ಎದ್ದಾಗ ಕಣ್ಣು ಕತ್ತಲೆ ಬರ್ತದೆ, ಎರಡು ಸಲ ಬಿದ್ದರು. ತೋರಿಸಿದ ಕಡೆ ಎಲ್ಲ ಬಿಪಿ ಜಾಸ್ತಿಯೇ ಉಂಟು ಅಂತಾರೆ, ಹಾಗಿರುವಾಗ ತಲೆ ತಿರುಗುದು ಯಾಕೆ? ನರ ವೀಕ್ನೆಸ್ ಅಂತ ಪರಿಚಯದವರೊಬ್ಬರು ಇಂಜೆಕ್ಷನ್ ಕೋರ್ಸ್ ಹೇಳಿದ್ದಾರೆ, ಮಾಡಿಸ್ಬಹುದಾ? (ಪೆರ್ಲದ ಓದುಗರು)

ಉತ್ತರ: ಬಿಪಿ ನೋಡಿದ್ದು ಹೇಗೆ? ಕುರ್ಚಿಯಲ್ಲಿ ಕೂರಿಸಿ. ಅವರು ಬೀಳುದು ಹೇಗೆ? ನಿಂತಾಗ. ಕೂತಾಗಿನ ಲೆಕ್ಕ ಹಿಡ್ಕೊಂಡು ನಿಂತಾಗಿನ ರೋಗ ಹುಡುಕಿದ್ರೆ ಸಿಗುದು ಹೇಗೆ, ನನ್ನ ಸೊಸೆ ಈ ಪತ್ರ ಓದಿ ಮೊದಲು ಹೇಳಿದ್ದೇ ಇದನ್ನು.

ನಾವು ಎದ್ದು ನಿಂತ ಕೂಡ್ಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲಿಗೆ, ಹೊಟ್ಟೆಯ ಕೆಳಭಾಗಕ್ಕೆ ಇಳೀತದೆ. ತೋಟಕ್ಕೆ ಪಂಪು ಬಿಟ್ಟಾಗ ಕೆಳಗಿನ ವಾಲ್ವು ಬಂದ್ ಮಾಡದಿದ್ರೆ ಮೇಲಿನ ಗುಡ್ಡೆಯ ಜೆಟ್ಟಿಗೆ ನೀರು ಹತ್ತುದಿಲ್ಲ ಅಲ್ವಾ, ಹಾಗೆಯೇ. ಸಿಂಪಥೆಟಿಕ್ ನರ ಕಾಲಿನ ರಕ್ತನಾಳಗಳನ್ನು ಕೆಲವೇ ಸೆಕೆಂಡಲ್ಲಿ ಬಿಗಿ ಮಾಡಿ ರಕ್ತವನ್ನು ಮೇಲೆ ತಳ್ತದೆ, ನಮಗೆ ಗೊತ್ತೂ ಆಗುದಿಲ್ಲ. ಹಳೇ ಶುಗರು ಮೊದಲು ಪಾದದ ನರ ತಿನ್ನುದು ಎಲ್ಲರಿಗೂ ಗೊತ್ತು, ಕಾಲು ಜುಮ್ ಅನ್ನುದು, ಚಪ್ಪಲಿ ಜಾರಿದ್ದು ಗೊತ್ತಾಗದ್ದು. ಅದೇ ಶುಗರು ಈ ನರಗಳನ್ನೂ ತಿಂತದೆ.

ಮನೆಯಲ್ಲೇ ನೋಡ್ಬಹುದು. ಅಪ್ಪನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಮತ್ತೆ ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ನೋಡಿ, ಪಕ್ಕದಲ್ಲಿ ಒಬ್ರು ಹಿಡಿಲಿಕ್ಕೆ ಇರ್ಲಿ. ಮೇಲಿನ ನಂಬರ್ 20 ಅಥವಾ ಕೆಳಗಿನದ್ದು 10 ಇಳಿದ್ರೆ ಅದಕ್ಕೆ ನಿಂತಾಗಿನ ಲೋ ಬಿಪಿ ಅಂತ ಹೆಸರು. ಮೆಷಿನಲ್ಲಿ ಪಲ್ಸೂ ಬರ್ತದಲ್ಲ, ಅದನ್ನೂ ಬರ್ಕೊಳ್ಳಿ. ಬಿಪಿ ಅಷ್ಟು ಇಳಿದ್ರೂ ಪಲ್ಸು ಏರದೆ ಸುಮ್ನೆ ಕೂತಿದ್ರೆ ನರದ ಮೇಲೆಯೇ ಸಂಶಯ, ಪಲ್ಸು ಜೋರು ಏರಿದ್ರೆ ನೀರು ಕಡಿಮೆ ಆದದ್ದೋ ರಕ್ತ ಕಡಿಮೆಯೋ ಅಂತ ನೋಡ್ಬೇಕು. ಮಲಗಿದಾಗ 160, ನಿಂತಾಗ 110 ಆಗುವವರೂ ಇದ್ದಾರೆ. ಅಂಥವರಿಗೆ ಕೂರಿಸಿ ನೋಡಿ ಬಿಪಿ ಮಾತ್ರೆ ಹೆಚ್ಚು ಮಾಡಿದ್ರೆ ಇನ್ನೂ ಎರಡು ಸಲ ಜಾಸ್ತಿ ಬೀಳ್ತಾರೆ ಅಷ್ಟೆ.

ಇನ್ನೊಂದು, ಮಾತ್ರೆಯ ಚೀಟಿ ಎಲ್ಲ ಒಟ್ಟು ಮಾಡಿ ಒಬ್ಬರೇ ಡಾಕ್ಟ್ರಿಗೆ ತೋರಿಸಿ. ನಮ್ಮ ಕಡೆ ಶುಗರಿಗೆ ಕಾಸರಗೋಡು, ಹೃದಯಕ್ಕೆ ಮಂಗಳೂರು, ಮೂತ್ರಕ್ಕೆ ಪುತ್ತೂರು ಅಂತ ಮೂರು ಊರಿನ ಮೂರು ಚೀಟಿ ಇರ್ತದೆ, ಒಬ್ರು ಬರೆದದ್ದು ಇನ್ನೊಬ್ರು ನೋಡಿರುದಿಲ್ಲ. ಪ್ರೋಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ಮೂತ್ರ ಹೋಗ್ಲಿಕ್ಕೆ ಕೊಡುವ ಮಾತ್ರೆ, ಕಾಲುರಿಗೆ ರಾತ್ರಿ ಕೊಡುವ ಅಮಿಟ್ರಿಪ್ಟಿಲಿನ್, ಈ ಮೂರೂ ನಿಂತಾಗಿನ ಬಿಪಿ ಇಳಿಸ್ತವೆ. ನೀವೇ ನಿಲ್ಲಿಸ್ಬೇಡಿ ಮತ್ತೆ, ಕೇಳಿ ಬದಲಿಸಿ.

ಊಟ ಆದ ಮೇಲೆ ಬೀಳುದು ಯಾಕೆ ಅಂದ್ರೆ ಉಂಡ ಕೂಡ್ಲೆ ರಕ್ತ ಎಲ್ಲ ಕರುಳಿಗೆ ಓಡ್ತದೆ. ಒಂದು ಬಟ್ಟಲು ತುಂಬ ಕುಚ್ಚಿಲಕ್ಕಿ ಅನ್ನ ಒಂದೇ ಸಲ ಹೊಡೆಯುದರ ಬದಲು ಎರಡು ಸಲಕ್ಕೆ ಸ್ವಲ್ಪ ಸ್ವಲ್ಪ ಉಣ್ಲಿ, ಉಂಡು ಸುಮಾರು ಹೊತ್ತು ಕೂತೇ ಇರ್ಲಿ. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಎರಡು ಲೋಟ ನೀರು, ಕಾಲಿನ ಪಾದ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ, ಆಮೇಲೆ ಕೂತು, ಆಮೇಲೆ ಏಳುದು. ಮಂಚದ ತಲೆ ಕಡೆಗೆ ಎರಡು ಕಾಲಿಗೂ ಒಂದೊಂದು ಇಟ್ಟಿಗೆ ಕೊಡಿ, ಇದು ತಮಾಷೆ ಅಲ್ಲ, ತಲೆ ಎತ್ತರ ಮಾಡಿ ಮಲಗಿದ್ರೆ ರಾತ್ರಿ ಮೂತ್ರದಲ್ಲಿ ಉಪ್ಪು ನೀರು ಹೋಗುದು ಕಡಿಮೆ ಆಗಿ ಬೆಳಗ್ಗಿನ ಬಿಪಿ ನಿಲ್ತದೆ. ರಾತ್ರಿ ಮೂತ್ರಕ್ಕೆ ಎದ್ದಾಗ ನಿಂತು ಮಾಡುದು ಬೇಡ, ಕೂತೇ ಮಾಡ್ಲಿ, ಹಿರಿಯರಿಗೆ ಇದು ಹೇಳ್ಲಿಕ್ಕೆ ಮುಜುಗರ ಆದ್ರೂ ಹೇಳಿ, ಬಾತ್ರೂಮಲ್ಲಿ ಬೀಳುವ ಗಂಡಸರಲ್ಲಿ ತುಂಬ ಜನ ಬೀಳುದು ಹಾಗೆಯೇ.

ಇಂಜೆಕ್ಷನ್ ವಿಷಯ. ನರ ವೀಕ್ನೆಸ್ ಅಂತ ರೋಗ ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ಅದರೊಳಗೆ ಇರುದು ಹೆಚ್ಚಾಗಿ ಬಿ12, ಮತ್ತೆ ಶುಗರಿಗೆ ಮೆಟ್ಫಾರ್ಮಿನ್ ವರ್ಷಗಟ್ಟಲೆ ತಿಂದವರಿಗೆ ಬಿ12 ನಿಜವಾಗಿಯೂ ಇಳೀತದೆ, ಇಳಿದ್ರೆ ನರಕ್ಕೂ ಪೆಟ್ಟು. ಹಾಗಾಗಿ ಟೆಸ್ಟ್ ಮಾಡಿಸಿ, ಕಡಿಮೆ ಇದ್ರೆ ಚುಚ್ಚಿಸಿ. ಟೆಸ್ಟ್ ಇಲ್ಲದೆ ಹತ್ತು ಇಂಜೆಕ್ಷನ್ ಬೇಡ.

ಒಂದು ಹೆದರಿಕೆಯ ಮಾತೂ ಹೇಳ್ಲೇಬೇಕು. ಇಂಥವರಿಗೆ ಹಾರ್ಟ್ ಅಟ್ಯಾಕ್ ಆದ್ರೆ ಎದೆ ನೋವು ಬಾರದೆ ಇರ್ಬಹುದು, ನೋವಿನ ಸುದ್ದಿ ಮುಟ್ಟಿಸುವ ನರವೂ ಹೋಗಿರ್ತದೆ. ಸುಮ್ನೆ ಉಸಿರು ಕಟ್ಟುದು, ತಣ್ಣಗೆ ಬೆವರುದು, ವಾಂತಿ, ಇಷ್ಟು ಬಂದ್ರೂ ಇಸಿಜಿ ಮಾಡಿಸಿ. ಹಾಗೆಯೇ ಶುಗರ್ ಲೋ ಆದಾಗ ಬರ್ಬೇಕಾದ ನಡುಕ ಬೆವರು ಬಾರದೆ ಸೀದಾ ಮಾತು ತೊದಲ್ಬಹುದು.

ಪ್ರಶ್ನೆ: ನಮ್ಮ ಹಾಲು ಕೊಡುವ ದನ ಎರಡು ತಿಂಗಳಿಂದ ಬರೀ ಹೊಟ್ಟೆ ಉಬ್ಬರಿಸ್ತದೆ, ಮದ್ದು ಕುಡಿಸಿದ್ರೆ ಎರಡು ದಿನ ಇಳೀತದೆ, ಮತ್ತೆ ಅಷ್ಟೇ. ಹುಲ್ಲು ಕಡಿಮೆ, ಸೆಗಣಿ ಸ್ವಲ್ಪವೇ, ಅಂಟಂಟು. ನೀವು ಬರೆದ ನರದ ವಿಷಯ ಇದುವಾ? (ಆದೂರು ಕಡೆಯ ಓದುಗರು)

ಉತ್ತರ: ಇದುವೇ ಇರ್ಲಿಕ್ಕೆ ಸಾಕು. ಮೆದುಳಿಂದ ಹೊರಟು ಕುತ್ತಿಗೆ, ಎದೆ ಎಲ್ಲ ದಾಟಿ ಹೊಟ್ಟೆಗೆ ಇಳಿಯುವ ಉದ್ದದ ನರ ಒಂದುಂಟು, ವೇಗಸ್ ಅಂತ. ದನದ ನಾಲ್ಕು ಹೊಟ್ಟೆಯೂ ಇದರ ಮಾತು ಕೇಳುದು. ಸ್ವೀಡನ್ನಿನ ಹೋಫ್ಲುಂಡ್ ಅಂತ ಪಶುವೈದ್ಯರು 1940ರಲ್ಲಿ ಈ ನರ ಕೆಟ್ಟ ದನಗಳ ಬಗ್ಗೆ ಬರೆದ್ರು, ಈಗಲೂ ಅವರ ಹೆಸರಲ್ಲೇ ಆ ರೋಗ ಇರುದು.

ಹಟ್ಟಿಯಲ್ಲಿ ನೋಡುದು ಹೀಗೆ: ದನದ ಹಿಂದೆ ನಾಲ್ಕು ಮಾರು ದೂರ ನಿಲ್ಲಿ. ಎಡ ಪಕ್ಕೆ ಮೇಲಿಂದ ಕೆಳಗಿನವರೆಗೂ ಉರುಟು, ಬಲ ಪಕ್ಕೆ ಮೇಲೆ ಬತ್ತಿ ಕೆಳಗೆ ಮಾತ್ರ ಜೋತುಬಿದ್ದಿದ್ರೆ ಸಂಶಯ ಪಡಿ. ಎರಡನೇದು ಹೃದಯ. ಹೊಟ್ಟೆ ನೋವಿರುವ ದನದ ಎದೆ ಬಡಿತ ಏರ್ಬೇಕು, ನಿಮಿಷಕ್ಕೆ ಎಂಬತ್ತರ ಮೇಲೆ ಹೋಗ್ಬೇಕು, ಇವುಗಳಲ್ಲಿ ಕೆಲವಕ್ಕೆ ಅರವತ್ತರ ಕೆಳಗೆ ಇರ್ತದೆ. ಯಾಕಂದ್ರೆ ಕೆರಳಿದ ವೇಗಸ್ ಹೃದಯವನ್ನೂ ಹಿಡಿದು ನಿಧಾನ ಮಾಡ್ತದೆ. ವೇಗಸ್ಸಿನ ಹಿಡಿತ ಸಡಿಲ ಮಾಡುವ ಅಟ್ರೋಪಿನ್ ಅಂತ ಮದ್ದು ಕೊಟ್ಟು ಬಡಿತ ಏರ್ತದಾ ನೋಡುವ ಒಂದು ಟೆಸ್ಟೂ ಉಂಟು, ಅದು ಡಾಕ್ಟ್ರ ಕೆಲಸ.

ಕಾರಣ ಬಹಳ ಸಲ ಎಂತ ಗೊತ್ತುಂಟಾ? ತಂತಿ. ದನ ಹುಲ್ಲನ್ನು ಆರಿಸಿ ತಿನ್ನುದಿಲ್ಲ, ನಾಲಗೆಯಲ್ಲಿ ಸುತ್ತಿ ಎಳೆದು ನುಂಗುದು. ಮನೆ ಕಟ್ಟುವಾಗ ಉಳಿದ ಬೈಂಡಿಂಗ್ ವೈರು, ಬೇಲಿ ತುಂಡು, ಆಣಿ, ಎಲ್ಲ ಬೈಹುಲ್ಲಿನೊಟ್ಟಿಗೆ ಒಳಗೆ ಹೋಗಿ ಎರಡನೇ ಹೊಟ್ಟೆಯಲ್ಲಿ ಚುಚ್ಚಿ ನಿಲ್ತದೆ, ಅಲ್ಲಿ ಕೀವಾಗಿ ಅಂಟಿಕೊಂಡು ಹೊಟ್ಟೆಯ ಗೋಡೆ ಆಡುದೇ ನಿಲ್ತದೆ. ಎಲ್ಲ ಕೇಸಲ್ಲೂ ನರವೇ ಕಡಿದಿರ್ತದೆ ಅಂತಲ್ಲ, ಹಲವು ಸಲ ನರ ಸರಿಯೇ ಇದ್ದು ಈ ಅಂಟಿನಿಂದಲೇ ಹೊಟ್ಟೆ ನಿಂತಿರ್ತದೆ ಅಂತ ಆಮೇಲಿನವರು ಕಂಡುಕೊಂಡ್ರು. ನಾನು ಸರ್ವೀಸಿಗೆ ಸೇರಿದ ಎರಡನೇ ವರ್ಷ ಇಂಥದೇ ಒಂದು ದನಕ್ಕೆ ಮೂರು ಸಲ ಗ್ಯಾಸ್ ಅಂತ ಎಣ್ಣೆ ಕುಡಿಸಿ ಬಂದಿದ್ದೆ. ನಾಲ್ಕನೇ ಸಲ ಹೋಗುವಾಗ ಅದು ಸತ್ತಿತ್ತು, ಕೊಯ್ದು ನೋಡಿದ್ರೆ ಬೆರಳುದ್ದದ ತಂತಿ. ಆ ಮನೆಯ ಅಜ್ಜಿ ಒಂದು ಮಾತೂ ಬೈಲಿಲ್ಲ, ಕಾಫಿ ಕೊಟ್ಟು ಕಳಿಸಿದ್ರು, ಬೈದಿದ್ರೆ ವಾಸಿ ಇತ್ತು.

ಹಾಗಾಗಿ ಇನ್ನು ಕುಡಿಸುದು ಸಾಕು. ಎಡ ಪಕ್ಕೆ ಕೊಯ್ದು ಹೊಟ್ಟೆ ಒಳಗೆ ಕೈ ಹಾಕಿ ನೋಡುವ ಆಪರೇಷನ್ ಮಾಡುವವರ ಹತ್ರ ಬೇಗ ತೋರಿಸಿ, ತಂತಿ ಸಿಕ್ಕಿದ್ರೆ ಬದುಕ್ಬಹುದು. ತಿಂಗಳುಗಟ್ಟಲೆ ಹೋಗಿ ನರವೇ ಸತ್ತಿದ್ರೆ ಆಸೆ ಕಡಿಮೆ, ಸುಳ್ಳು ಧೈರ್ಯ ಹೇಳುದಿಲ್ಲ. ಉಳಿದ ದನಗಳಿಗೆ ಹೊಟ್ಟೆಗೆ ಹಾಕುವ ಮ್ಯಾಗ್ನೆಟ್ ಸಿಗ್ತದೆ, ಒಮ್ಮೆ ನುಂಗಿಸಿದ್ರೆ ಜೀವಮಾನಕ್ಕೆ ಆಯ್ತು.

ಪ್ರಶ್ನೆ: ನಮ್ಮ ಪುಚ್ಚೆಯ ಎರಡೂ ಕಣ್ಣಿನ ಪಾಪೆ ಹಗಲಲ್ಲೂ ದೊಡ್ಡದಾಗಿಯೇ ಉಂಟು, ಮೂಗು ಒಣಗಿದೆ, ತಿಂದದ್ದು ವಾಂತಿ. ನೆಟ್ಟಲ್ಲಿ ನೋಡಿದ್ರೆ ಕೀ-ಗ್ಯಾಸ್ಕೆಲ್ ಅಂತ ಬರ್ತದೆ. ಅದುವಾ? (ಮುಳ್ಳೇರಿಯದ ಓದುಗರು, ಪಿಯುಸಿ)

ಉತ್ತರ: ಭೇಷ್, ಸರಿಯಾದ ಹೆಸರನ್ನೇ ಹುಡುಕಿದ್ದಿ. ಬ್ರಿಟನ್ನಿನಲ್ಲಿ 1982ರಲ್ಲಿ ಕೀ, ಗ್ಯಾಸ್ಕೆಲ್ ಅಂತ ಇಬ್ಬರು ಬರೆದ ಬೆಕ್ಕಿನ ರೋಗ ಅದು. ಅಟಾನಮಿಕ್ ನರದ ಗಂಟುಗಳೇ ಸಾಯ್ತವೆ, ಆಗ ಪಾಪೆ ಕುಗ್ಗುದಿಲ್ಲ, ಕಣ್ಣೀರಿಲ್ಲ, ಜೊಲ್ಲಿಲ್ಲ, ಅನ್ನನಾಳ ಚೀಲದ ಹಾಗೆ ಸಡಿಲ ಆಗಿ ತಿಂದದ್ದು ಹಾಗೇ ವಾಪಸ್, ಕಕ್ಕಸು ಕಟ್ತದೆ, ಮೂರನೇ ರೆಪ್ಪೆ ಅಂತ ಬಿಳಿ ಪರದೆ ಮೇಲೆ ಬರ್ತದೆ. ಇದರ ಅಣ್ಣ ಕುದುರೆಯಲ್ಲಿ ಉಂಟು, ಹುಲ್ಲಿನ ರೋಗ ಅಂತ, ಸ್ಕಾಟ್ಲೆಂಡಿನಲ್ಲಿ ನೂರು ವರ್ಷದ ಮೇಲಾಯ್ತು ಕಾಣಿಸಿಕೊಂಡು, ಬಯಲಲ್ಲಿ ಮೇಯುವ ಎಳೇ ಕುದುರೆಗಳಿಗೇ ಹೆಚ್ಚು, ಜೋರಾಗಿ ಬಂದ್ರೆ ಎರಡು ದಿನದಲ್ಲಿ ಸಾಯ್ತವೆ. ಅಮೆರಿಕದ ಮಿಸೂರಿ, ಕಾನ್ಸಾಸ್ ಕಡೆ ಹಳ್ಳಿ ನಾಯಿಗಳಿಗೂ ಬರ್ತದೆ. ಮಣ್ಣಲ್ಲಿರುವ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾದ ವಿಷದ ಮೇಲೆ ಬಹಳ ಸಂಶಯ, ಸಾಬೀತು ಮಾತ್ರ ಆಗಿಲ್ಲ.

ಆದ್ರೆ ಮಗಾ, ನಿನ್ನ ಮನೆ ಇರುದು ಮುಳ್ಳೇರಿಯದಲ್ಲಿ. ಇಲ್ಲಿ ಅಗಲ ಪಾಪೆಯ ಬೆಕ್ಕು ಕಂಡ್ರೆ ನಾನು ಮೊದಲು ಯೋಚನೆ ಮಾಡುದು ಹಾವು. ನಾಗರ, ಕಟ್ಟಹಾವು ಎರಡರ ವಿಷವೂ ಪಾಪೆ ಅಗಲ ಮಾಡಿ ಕಾಲು ಸೋಲಿಸ್ತದೆ, ಬೆಕ್ಕಿಗೆ ಹಾವಿನೊಟ್ಟಿಗೆ ಆಡುದೇ ಕೆಲಸ. ಎರಡನೇದು ಉಮ್ಮತ್ತದ ಕಾಯಿ, ಇಲ್ಲ ಮನೆಯಲ್ಲಿ ಯಾರದ್ದಾದ್ರೂ ಕಣ್ಣಿನ ಡ್ರಾಪ್ಸು. ಮೂರನೇದು, ವಯಸ್ಸಾದ ಬೆಕ್ಕಿಗೆ ಬಿಪಿ ಏರಿ ಕಣ್ಣೊಳಗಿನ ಪರದೆ ಕಳಚಿ ಕುರುಡಾದದ್ದು. ಇವು ಯಾವುದೂ ಅಲ್ಲ ಅಂತ ಆದ ಮೇಲೆ ಕೀ-ಗ್ಯಾಸ್ಕೆಲ್. ಅದಕ್ಕೆ ಒಂದು ಚಂದದ ಟೆಸ್ಟ್ ಉಂಟು, ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಡ್ರಾಪ್ಸನ್ನು 0.1 ಪರ್ಸೆಂಟಿಗೆ ತೆಳ್ಳಗೆ ಮಾಡಿ ಒಂದು ಕಣ್ಣಿಗೆ ಹಾಕುದು. ನರ ಸತ್ತ ಕಣ್ಣು ಹಸಿದ ಹಾಗೆ ಕಾಯ್ತಾ ಇರ್ತದೆ, ಅಷ್ಟು ತೆಳ್ಳಗಿನದ್ದಕ್ಕೂ ಪಾಪೆ ಟಕ್ಕಂತ ಕುಗ್ತದೆ. ಸರಿ ಇರುವ ಕಣ್ಣು ಅದನ್ನು ಲೆಕ್ಕಕ್ಕೇ ಇಡುದಿಲ್ಲ, ಉಮ್ಮತ್ತ ತಿಂದದ್ದೂ ಕುಗ್ಗುದಿಲ್ಲ. ನೀನೇ ಮಾಡ್ಲಿಕ್ಕೆ ಹೋಗ್ಬೇಡ, ಇವತ್ತೇ ಬೆಕ್ಕನ್ನು ಬುಟ್ಟಿಗೆ ಹಾಕಿ ಡಾಕ್ಟ್ರಲ್ಲಿಗೆ ತಗೊಂಡು ಹೋಗು. ಅದೇ ರೋಗ ಆಗಿದ್ರೂ ನರ ಬೆಳೆಸುವ ಮದ್ದಿಲ್ಲ, ಎದುರು ಕಾಲು ಎತ್ತರ ಮಾಡಿ ಹಿಡಿದು ತಿನ್ನಿಸುದು, ಕಣ್ಣಿಗೆ ನೀರಿನ ಡ್ರಾಪ್ಸು, ಹೊಟ್ಟೆ ಒತ್ತಿ ಮೂತ್ರ ತೆಗೆಯುದು, ಹೀಗೆ ತಿಂಗಳುಗಟ್ಟಲೆ.

ಪ್ರಶ್ನೆ: ನನಗೆ 21. ಉಪ್ಪಳದಿಂದ ಮಂಗಳೂರಿಗೆ ದಿನಾ ಟ್ರೇನಲ್ಲಿ ಕಾಲೇಜಿಗೆ. ಒಂದು ದೊಡ್ಡ ಜ್ವರ ಬಂದು ಹೋದ ಮೇಲೆ ನಿಂತ್ರೆ ಸಾಕು ಎದೆ ಡವಡವ, ಕೈ ನಡುಕ, ಎರಡು ಸಲ ಟ್ರೇನಲ್ಲೇ ಬವಳಿ. ಇಸಿಜಿ ಸರಿ, ಬಿಪಿ ಸರಿ, ಟೆನ್ಶನ್ ಅಂತ ಹೇಳಿ ಕಳಿಸ್ತಾರೆ. ಮನೆಯಲ್ಲಿ ಕಾಲೇಜು ತಪ್ಪಿಸ್ಲಿಕ್ಕೆ ನಾಟಕ ಅಂತಾರೆ.

ಉತ್ತರ (ಇದು ಪೂರ್ತಿ ಸೊಸೆಯದ್ದು): ನಾಟಕ ಮಾಡಿ ಪಲ್ಸ್ ಏರಿಸ್ಲಿಕ್ಕೆ ಆಗುದಿಲ್ಲ ತಂಗಿ. ಹತ್ತು ನಿಮಿಷ ಮಲಗಿ ಪಲ್ಸ್ ನೋಡು, ಎದ್ದು ನಿಂತು ಹತ್ತು ನಿಮಿಷ ನಿಮಿಷಕ್ಕೊಮ್ಮೆ ಬರಿ. ಬಿಪಿ ಇಳಿಯದೆ ಪಲ್ಸ್ ಮಾತ್ರ 30 ಅಥವಾ ಜಾಸ್ತಿ ಏರಿ ಅಲ್ಲೇ ನಿಂತ್ರೆ, ತಿಂಗಳುಗಟ್ಟಲೆ ಹೀಗೇ ಇದ್ರೆ, ಅದಕ್ಕೆ ಪಾಟ್ಸ್ ಅಂತ ಹೆಸರು. ಹನ್ನೆರಡರಿಂದ ಹತ್ತೊಂಬತ್ತು ವಯಸ್ಸಿನವರಿಗೆ 40 ಏರ್ಬೇಕು. ಹೆಸರಿಟ್ಟದ್ದೇ 1993ರಲ್ಲಿ. ಹೆಚ್ಚು ಬರುದು ಹರೆಯದ ಹುಡುಗಿಯರಿಗೆ, ವೈರಸ್ ಜ್ವರದ ನಂತರ, ಕೋವಿಡ್ ಆದ ಮೇಲೆ ಬಹಳ ಜನರಿಗೆ ಬಂತು. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸು, ನಮ್ಮ ಹುಡುಗಿಯರಲ್ಲಿ ರಕ್ತ ಕಡಿಮೆ ಇರುದೇ ಹೆಚ್ಚು, ಅದೂ ಹೀಗೇ ಮಾಡ್ತದೆ. ಪಾಟ್ಸ್ ಅಂತಲೇ ಆದ್ರೆ ದಿನಕ್ಕೆ ಎರಡೂವರೆ ಲೀಟರ್ ನೀರು, ಡಾಕ್ಟ್ರು ಒಪ್ಪಿದ್ರೆ ಉಪ್ಪು ಜಾಸ್ತಿ, ಸೊಂಟದವರೆಗೆ ಬರುವ ಬಿಗಿ ಸ್ಟಾಕಿಂಗ್ಸ್. ವ್ಯಾಯಾಮ ಮಲಗಿ ಕೂತು ಮಾಡುವಂಥದ್ದು ಶುರು ಮಾಡು, ಓಡುದು ಈಗ ಬೇಡ. ಟ್ರೇನಲ್ಲಿ ಸೀಟು ಸಿಗದಿದ್ರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಹಿಡಿ, ಕಣ್ಣು ಕತ್ತಲೆ ಬಂದ್ರೆ ಯಾರು ಎಂತ ಹೇಳಿದ್ರೂ ನೆಲದಲ್ಲೇ ಕೂತುಬಿಡು. ಆ ಹತ್ತು ನಿಮಿಷದ ಲೆಕ್ಕ ಬರೆದ ಚೀಟಿ ಡಾಕ್ಟ್ರಿಗೂ ತೋರಿಸು, ಅಪ್ಪ ಅಮ್ಮನಿಗೂ ತೋರಿಸು.

ಪ್ರಶ್ನೆ: ನಮ್ಮದು ಸೊಲ್ಲಾಪುರ ಜಿಲ್ಲಾ ಅಕ್ಕಲಕೋಟ ಹತ್ರ ಹಳ್ಳಿ ರೀ. ಕಣಕಿ ಎಳಿಯೂ ಮುಂದ ನಮ್ಮ ಅಣ್ಣನ ಮಗಗ ಕೆಂಪ ಚೇಳ ಕಡೀತು. ಉರಿ ಅಷ್ಟೇನ ಇರಲಿಲ್ಲ, ಖರೆ ಮೈಯೆಲ್ಲ ಬೆವತು ಕೈಕಾಲ ತಣ್ಣಗಾದ್ವು, ವಾಂತಿ ಸುರು ಆತು. ದವಾಖಾನ್ಯಾಗ ಬಿಪಿ ಗುಳಗಿ ಕೊಟ್ರು ಅಂತ ನಮ್ಮವರೆಲ್ಲ ಗಾಬರಿ. ಚೇಳಿಗೆ ಬಿಪಿ ಗುಳಗಿ ಯಾಕ್ರೀ?

ಉತ್ತರ: ಆ ಡಾಕ್ಟ್ರಿಗೆ ಒಂದು ನಮಸ್ಕಾರ ಹೇಳಿ. ಕೆಂಪು ಚೇಳಿನ ವಿಷ ಅಟಾನಮಿಕ್ ನರಗಳ ಬಾಗಿಲನ್ನು ಮುಚ್ಚಲಿಕ್ಕೆ ಬಿಡುದಿಲ್ಲ, ಒಳಗಿದ್ದ ಅಡ್ರಿನಲಿನ್ ಎಲ್ಲ ಒಮ್ಮೆಗೇ ಸುರೀತದೆ, ಬಿರುಗಾಳಿ ಅಂತಲೇ ಕರೀತಾರೆ. ರಕ್ತನಾಳ ಬಿಗಿದು ಬಿಪಿ ಏರಿ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ ಮಕ್ಕಳು ಸಾಯುದು. ಉರಿ ಕಡಿಮೆ, ಬೆವರು ವಾಂತಿ ಹೆಚ್ಚು ಅಂದ್ರೆ ಅದೇ ಅಪಾಯದ ಗುರುತು. ನಿಮ್ಮ ಮಹಾರಾಷ್ಟ್ರದ್ದೇ ಕೊಂಕಣದ ಮಹಾಡಿನಲ್ಲಿ ಹಿಮ್ಮತರಾವ್ ಬಾವಸ್ಕರ್ ಅಂತ ಡಾಕ್ಟ್ರು, ಹಳ್ಳಿ ಆಸ್ಪತ್ರೆಯಲ್ಲಿ ಇಂಥ ಮಕ್ಕಳ ಪಕ್ಕದಲ್ಲಿ ರಾತ್ರಿ ಎಲ್ಲ ಕೂತು ಬರೆದಿಟ್ಟು, ರಕ್ತನಾಳ ಸಡಿಲ ಮಾಡುವ ಪ್ರಾಜೋಸಿನ್ ಅನ್ನುವ ಬಿಪಿ ಮಾತ್ರೆ ಕೊಟ್ಟು ನೋಡಿ 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಸಾವು ಬಹಳ ಇಳೀತು. 2022ರಲ್ಲಿ ಪದ್ಮಶ್ರೀ ಬಂತು. ಈಗ ಚೇಳಿನ ಪ್ರತಿವಿಷವೂ ಉಂಟು, ಎರಡೂ ಒಟ್ಟಿಗೆ ಕೊಟ್ರೆ ಇನ್ನೂ ಬೇಗ ಗುಣ ಅಂತ ಅವರೇ ತೋರಿಸಿದ್ರು. ಮಾತ್ರೆ ಕೊಟ್ಟ ಮೇಲೆ ಮಗುವನ್ನು ಎತ್ತಿ ನಿಲ್ಲಿಸ್ಬಾರ್ದು, ಮಲಗಿಸಿಯೇ ಇಡ್ಬೇಕು, ಯಾಕೆ ಅಂತ ಪೆರ್ಲದವರ ಉತ್ತರ ಓದಿದವರಿಗೆ ಗೊತ್ತಾಗ್ತದೆ.

ಪ್ರಶ್ನೆ: ಉಣುಗಿಗೆ ಅಂತ ನಾಯಿಗೆ ತೋಟದ ಕೀಟನಾಶಕ ಉಜ್ಜಿದ್ದೆವು. ಜೊಲ್ಲು, ಭೇದಿ, ನಡುಕ, ಹೇಗೋ ಬದುಕಿತು. ಇದು ಎಂಡೋಸಲ್ಫಾನಿನ ಹಾಗಿನದ್ದೇ ವಿಷವಾ? (ಎಣ್ಮಕಜೆಯ ಓದುಗರು)

ಉತ್ತರ: ಅಲ್ಲ, ಬೇರೆ. ನಿಮ್ಮೂರಲ್ಲಿ ಎಂಡೋಸಲ್ಫಾನ್ ಹೆಸರು ಬಂದ್ರೆ ಯಾರಿಗೂ ಹೊಟ್ಟೆ ಕಲಸ್ತದೆ, ಅದು ನನಗೂ ಗೊತ್ತು. ಅದು ಆರ್ಗನೋಕ್ಲೋರಿನ್ ಜಾತಿ, ಮೆದುಳನ್ನು ತಣ್ಣಗಿಡುವ ಬ್ರೇಕೇ ಬೀಳದ ಹಾಗೆ ಮಾಡ್ತದೆ, ಫಿಟ್ಸ್ ಬರುದು ಹಾಗೆ, ಅದಕ್ಕೆ ಪ್ರತಿಮದ್ದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ನೀವು ಉಜ್ಜಿದ್ದು ಆರ್ಗನೋಫಾಸ್ಫೇಟ್ ಜಾತಿಯದ್ದಿರ್ಬೇಕು, ಅದು ಪ್ಯಾರಾಸಿಂಪಥೆಟಿಕ್ಕನ್ನು ನಿಲ್ಲದ ಹಾಗೆ ಓಡಿಸ್ತದೆ: ಜೊಲ್ಲು, ಕಣ್ಣೀರು, ಮೂತ್ರ, ಭೇದಿ, ಪಾಪೆ ಸಾಸಿವೆ ಕಾಳಿನಷ್ಟು, ಕಡೆಗೆ ಶ್ವಾಸಕೋಶದಲ್ಲೇ ನೊರೆ. ಮದ್ದು ಅಟ್ರೋಪಿನ್, ಉಮ್ಮತ್ತದಲ್ಲಿ ಇರುದೂ ಅದೇ. ಹಾಗಂತ ಉಮ್ಮತ್ತ ಅರೆದು ಕುಡಿಸಿ ಇನ್ನೊಂದು ಪತ್ರ ಬರೀಬೇಡಿ. ಇನ್ನೊಮ್ಮೆ ಹೀಗಾದ್ರೆ ಕೈಗೆ ಗ್ಲೌಸ್ ಹಾಕಿ ಸಾಬೂನು ನೀರಲ್ಲಿ ಮೈ ತೊಳೆದು ಓಡಿ, ನಿಮ್ಮ ಕೈಗೂ ಅದೇ ವಿಷ. ಉಣುಗಿಗೆ ನಾಯಿಗೆ ಅಂತಲೇ ಮಾಡಿದ ಮದ್ದು ಉಂಟು.

ಪ್ರಶ್ನೆ: ಹಸಿ ಅಡಿಕೆ ಹಾಕಿದ ವೀಳ್ಯ ತಿಂದ್ರೆ ಮೈ ಬಿಸಿ ಆಗಿ ಬೆವರುದು ಯಾಕೆ? ಇದೂ ನಿಮ್ಮ ಅದೇ ನರವಾ? (ಕುಂಬಳೆಯ ಓದುಗರು)

ಉತ್ತರ: ಹೌದು ಮಾರಾಯ್ರೆ, ಅದೇ. ಅಡಿಕೆಯಲ್ಲಿ ಅರೆಕೋಲಿನ್ ಅಂತ ಉಂಟು, ಅದೂ ಪ್ಯಾರಾಸಿಂಪಥೆಟಿಕ್ಕಿಗೆ, ಬೆವರಿನ ಗ್ರಂಥಿಗೆ ಚಾಟಿ ಹೊಡೆಯುದೇ, ಹಾಗಾಗಿ ಜೊಲ್ಲು, ಬೆವರು, ಕೆಲವರಿಗೆ ಕೂಡ್ಲೆ ಕಕ್ಕಸಿಗೆ. ಅಸ್ತಮಾ ಇರುವವರಿಗೆ ದಮ್ಮು ಕಟ್ಟಿಸ್ಲೂಬಹುದು, ಅವರು ದೂರ ಇದ್ರೆ ಒಳ್ಳೇದು. ಹಳೇ ಕಾಲದಲ್ಲಿ ನಾಯಿಯ ಹೊಟ್ಟೆಯ ಲಾಡಿಹುಳಕ್ಕೆ ಇದೇ ಅರೆಕೋಲಿನ್ ಕೊಡ್ತಿದ್ರು. ಕರುಳು ಜೋರಾಗಿ ಹಿಂಡಿ ಹುಳ ಸಮೇತ ಹೊರಗೆ ಬರ್ತಿತ್ತು, ನಾಯಿಗೆ ಆಗುವ ಸಂಕಟ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಈಗ ಪ್ರಾಜಿಕ್ವಾಂಟೆಲ್ ಮಾತ್ರೆ ಬಂದಿದೆ, ಅಡಿಕೆ ನಾಯಿಗೆ ಬೇಡ.